ಸಮುದ್ರದ ತೂಬು, ಅಜ್ಜಿಯ ಮಂಡಿ

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನಮ್ಮ ನೆಂಟರಲ್ಲಿ ಇವತ್ತಿಗೂ ಒಬ್ಬರೂ ನಂಬಿಲ್ಲ, ಆದರೂ ಮದುವೆ ಮನೆಯಲ್ಲಿ ಎಲೆ ಎತ್ತುವ ಮೊದಲು ನನ್ನ ಬಾಯಿಂದ ಇದನ್ನೊಂದು ಸಲ ಹೇಳಿಸದೆ ಯಾರೂ ಕೈ ತೊಳೆಯಲು ಏಳುವುದಿಲ್ಲ. ಜಗಳೂರಿನ ಆಚೆ, ಸೊಕ್ಕೆಯ ಕಡೆಯ ಬಯಲಲ್ಲಿ ಹುಟ್ಟಿ, ಅಲ್ಲೇ ಕೊಟ್ಟ ಮನೆಗೆ ಬಂದು, ಅಲ್ಲೇ ತಲೆ ಹಣ್ಣಾದ ನನ್ನ ಅಜ್ಜಿ ಗೌರವ್ವ, ಸಮುದ್ರದ ನೀರು ಕದ್ದವನನ್ನು ಹಿಡಿಯಲು ಹೊನ್ನಾವರದ ಕಡೆಯ ಒಂದು ದಂಡೆಯುದ್ದಕ್ಕೂ ಸೀರೆ ಎತ್ತಿ ಕಟ್ಟಿ ಓಡಿದಳು. ಹಿಂದೆ ಓಡಿದವಳು ನಾನು. ಸಾಕ್ಷಿಗೆ ಬೇಕಾದರೆ ಏಡಿಗಳಿವೆ, ಅವು ನಮಗೆ ದಾರಿ ಬಿಟ್ಟುಕೊಟ್ಟಿದ್ದವು.

ಮೊದಲು ನಮ್ಮ ಮನೆ ಹೇಗಿತ್ತು ಎಂದು ಹೇಳಬೇಕು. ಪಡಸಾಲೆ, ಅದರ ಹಿಂದೆ ಜೋಳದ ಚೀಲಗಳ ಕೋಣೆ, ಅದರ ಹಿಂದೆ ಅಡುಗೆ ಮನೆ, ಅಡುಗೆ ಮನೆಯ ತಂಪು ಮೂಲೆಯಲ್ಲಿ ನೀರು ತುಂಬಿದ ಹರವಿಗಳ ಸಾಲು. ಹರವಿಗಳ ಪಕ್ಕ ಒಂದು ಮಣೆ, ಮಣೆಯ ಮೇಲೆ ಅಜ್ಜಿ. ಬೇರೆ ಮನೆಗಳಲ್ಲಿ ಅಜ್ಜಿಯರು ಬೆಲ್ಲ, ತುಪ್ಪ ಕಾಯುತ್ತಿದ್ದರು, ನಮ್ಮಜ್ಜಿ ನೀರು ಕಾಯುತ್ತಿದ್ದಳು. ಬಾವಿ ಊರ ಹೊರಗೆ, ಅದರ ನೀರು ಪಾತಾಳದಲ್ಲಿ. ಕೊಡ ಇಳಿಬಿಟ್ಟು ಒಂದು ನಿದ್ದೆ ತೆಗೆದು ಎದ್ದರೆ ಆಗ ತಳದಲ್ಲಿ 'ಗುಳುಕ್' ಎಂಬ ಸದ್ದು ಕೇಳುತ್ತಿತ್ತು. ನಾನು ಮುಖ ತೊಳೆದ ನೀರು ಎಮ್ಮೆಯ ಕಾಲು ತೊಳೆಯುತ್ತಿತ್ತು, ಎಮ್ಮೆಯ ಕಾಲು ತೊಳೆದ ನೀರು ನುಗ್ಗೆ ಮರದ ಬುಡಕ್ಕೆ ಹೋಗುತ್ತಿತ್ತು, ನುಗ್ಗೆಕಾಯಿ ಸಾರಾಗಿ ನನ್ನ ಹೊಟ್ಟೆ ಸೇರುತ್ತಿತ್ತು. ಒಂದೇ ಚೊಂಬು ನೀರಲ್ಲಿ ನಾನು ಹುಟ್ಟಿ ಬೆಳೆದು ದೊಡ್ಡವಳಾದೆ ಎಂದರೆ ಅದು ತೀರಾ ಸುಳ್ಳೇನಲ್ಲ.

ಹೊರಗಿನಿಂದ ಬಂದು ಕಾಲು ತೊಳೆಯಲು ಕುಳಿತರೆ ಅಜ್ಜಿಯ ದನಿ ಒಳಗಿನಿಂದಲೇ ಬರುತ್ತಿತ್ತು.

"ಸಾಕು ಕಣೆ ಚೆನ್ನಿ! ಇರೋದು ಎರಡು ಕಾಲು. ಜರಿಹುಳ ತೊಳೆಯೋರಂಗೆ ತೊಳಿತೀಯಲ್ಲ!"

ಇಂಥ ಅಜ್ಜಿಯ ಎರಡೂ ಮಂಡಿಗಳು ಒಂದು ಕಾರ್ತೀಕದಲ್ಲಿ ಊದಿಕೊಂಡು ಕುಳಿತವು. ಎಕ್ಕದ ಎಲೆ ಕಟ್ಟಿದರು, ಹರಳೆಣ್ಣೆ ಹಚ್ಚಿದರು, ಬಗ್ಗಲಿಲ್ಲ. ಕೊನೆಗೆ ಜಗಳೂರಿನ ಪಂಡಿತರು ನಾಡಿ ಹಿಡಿದು, ಸಮುದ್ರದ ಸ್ನಾನ ಮಾಡಿಸಿ, ಬಿಸಿ ಮರಳಿನಲ್ಲಿ ಕಾಲು ಹೂತು ಕೂರಿಸಿರಿ ಎಂದರು. ಅಜ್ಜಿಯ ತಂಗಿ ಪಾರವ್ವನನ್ನು ಹೊನ್ನಾವರದ ಕಡೆ ಮೆಣಸಿನಕಾಯಿ ವ್ಯಾಪಾರ ಮಾಡುವವರಿಗೆ ಕೊಟ್ಟಿತ್ತು. ನಾವು ಅವಳನ್ನು ಚಿಕ್ಕಜ್ಜಿ ಎನ್ನುತ್ತಿದ್ದೆವು. ನಮ್ಮಪ್ಪನಿಗೆ ಕಣದ ಕೆಲಸ, ಅವ್ವನಿಗೆ ಮನೆಯ ಕೆಲಸ, ನನಗೆ ಯಾವ ಕೆಲಸ ಹೇಳಿದರೂ ಕೆಡುತ್ತಿತ್ತು. ಹಾಗಾಗಿ ಹದಿಮೂರು ವರ್ಷದ ನನ್ನನ್ನು ಅಜ್ಜಿಗೆ ಊರುಗೋಲೆಂದು ಕೊಟ್ಟು ಕಳಿಸಿದರು.

ಯುದ್ಧದ ದಿನಗಳು, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿರುತ್ತಿದ್ದರು. ಏರು ಬಂದಲ್ಲೆಲ್ಲ ನಾವೇ ಇಳಿದು ಬಸ್ಸನ್ನು ನಡೆಸಿಕೊಂಡು ಹೋಗಬೇಕಿತ್ತು. ಹೊನ್ನಾಳಿಯಲ್ಲಿ ಹೊಳೆ ಕಂಡದ್ದೇ ಅಜ್ಜಿ ಟ್ರಂಕು ಎತ್ತಿಕೊಂಡಳು.

"ಇಳಿ ಇಳಿ, ಸಮುದ್ರ ಬಂತು."

"ಅಜ್ಜಿ, ಇದು ಹೊಳೆ."

"ಹೊಳೆ ಇಷ್ಟು ದೊಡ್ಡದಿರ್ತತೇನೆ? ನನಗೆ ಸುಳ್ಳು ಹೇಳಬ್ಯಾಡ. ಅಣ್ಣಾ, ಬಸ್ಸು ನಿಲ್ಸಪ್ಪಾ!"

ಕಂಡಕ್ಟರು ಆಣೆ ಮಾಡಿ ಹೇಳಿದ ಮೇಲೆ ಕುಳಿತಳು. ಆದರೂ ನ್ಯಾಮತಿ ದಾಟುವವರೆಗೆ, "ಮೋಸ ಮಾಡಿ ಮುಂದಕ್ಕೆ ಕರಕೊಂಡು ಹೋಗಾಕೆ ಹತ್ಯಾರೆ, ಟಿಕೀಟಿನ ಆಸೆಗೆ" ಎಂದು ಗೊಣಗುತ್ತಲೇ ಇದ್ದಳು.

ಚಿಕ್ಕಜ್ಜಿಯ ಮನೆ ದಂಡೆಯಿಂದ ಕೂಗಳತೆಯ ದೂರದಲ್ಲಿತ್ತು. ಸೋಗೆಯ ಮಾಡು, ಮುಂದೆ ಉದ್ದನೆಯ ಜಗಲಿ, ಒಂದು ಬದಿಗೆ ಮೆಣಸಿನಕಾಯಿ ಚೀಲಗಳ ಕೋಣೆ. ಆ ಕೋಣೆಯ ಬಾಗಿಲು ತೆಗೆದರೆ ಮನೆಯವರೆಲ್ಲ ಸೀನುತ್ತಿದ್ದರು, ಹಾಕಿದರೆ ಬೀದಿಯ ಮೀನಿನ ವಾಸನೆ ಒಳಗೆ ಬರುತ್ತಿತ್ತು. ಲಿಂಗ ಕಟ್ಟಿದ ಮನೆಯ ಅಜ್ಜಿಗೆ ಮೀನಿನ ವಾಸನೆ ಅದೇ ಮೊದಲು. ಮೂಗಿಗೆ ಸೆರಗು ಕಟ್ಟಿಕೊಂಡೇ ಊಟ ಮಾಡಿದಳು. ಹೇಗೆ ಎಂದು ಕೇಳಬೇಡಿ, ಸೆರಗಿನ ಕೆಳಗಿನಿಂದ ಕೈ ಹೋಗುತ್ತಿತ್ತು, ತುತ್ತು ಕಾಣೆಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು, ಚಿಕ್ಕಜ್ಜಿ, ಪಕ್ಕದ ಮನೆಯ ಮೀನು ಮಾರುವ ದೇವಮ್ಮ ಸೇರಿ ಅಜ್ಜಿಯನ್ನು ದಂಡೆಗೆ ಕರೆದೊಯ್ದೆವು. ನಾನು ಸಮುದ್ರ ಕಂಡು ಕೂಗಿದ ಕೂಗು ಗೋವೆಯವರೆಗೆ ಕೇಳಿಸಿರಬೇಕು. ಅಜ್ಜಿ ಕೂಗಲಿಲ್ಲ. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹೊಲ ಕೊಳ್ಳಲು ಬಂದವಳ ಹಾಗೆ.

"ಏರಿ ಎಲ್ಲೈತೆ?"

"ಎಂತ ಏರಿ ಅಮಾ?" ಎಂದಳು ದೇವಮ್ಮ.

"ಕೆರೆಗೆ ಏರಿ ಇರಾಕೆ ಬ್ಯಾಡವೇನು? ಏರಿ ಇಲ್ದೆ ನೀರು ಹೆಂಗೆ ನಿಂತೈತೆ? ಕೋಡಿ ಯಾವ ಕಡೆಗೆ? ತೂಬು ಎಲ್ಲೈತೆ?"

"ಸಮುದ್ರಕ್ಕೆ ತೂಬಾ! ಅಯ್ಯೋ ಮಾರಾಯ್ತಿ!" ದೇವಮ್ಮ ಬುಟ್ಟಿ ಕೆಳಗಿಟ್ಟು ಮರಳಿನ ಮೇಲೆ ಕುಳಿತು ನಕ್ಕಳು. ಅಜ್ಜಿಗೆ ಅದು ಹಿಡಿಸಲಿಲ್ಲ. ಕೆರೆಯ ನೀರು ನಂಬಿ ಬದುಕಿದವರಿಗೆ ಏರಿಯೇ ತಾಯಿ ತಂದೆ. ಏರಿಯಿಲ್ಲದ ನೀರೆಂದರೆ ಹೇಳುವವರು ಕೇಳುವವರಿಲ್ಲದ ಮಕ್ಕಳಿದ್ದ ಹಾಗೆ ಎಂದು ಅವಳ ಲೆಕ್ಕ.

ಮದ್ದು ಶುರುವಾಯಿತು. ಬೆಳಿಗ್ಗೆ ಅಲೆಯ ಅಂಚಿನಲ್ಲಿ ಸ್ನಾನ, ಬಿಸಿಲೇರಿದ ಮೇಲೆ ಮರಳಿನಲ್ಲಿ ಗುಂಡಿ ತೋಡಿ ಸೊಂಟದವರೆಗೆ ಹೂಳುವುದು. ಹೂಳುವ ಕೆಲಸ ನನ್ನದು. ಒಂದು ದಿನ ನಾನು ಶಂಖ ಆರಿಸಲು ಹೋಗಿ ಮರಳಿ ಬರುವಷ್ಟರಲ್ಲಿ, ಮೇಲಿನ ಹಳ್ಳಿಯಿಂದ ಬಂದ ಒಬ್ಬ ಮುದುಕಿ ಅಜ್ಜಿಯ ಮುಂದೆ ಕೈ ಮುಗಿದು ನಿಂತಿದ್ದಳು. ನೆಲದಿಂದ ಅರ್ಧ ಮೇಲೆದ್ದ, ಹಣೆ ತುಂಬ ವಿಭೂತಿಯ, ಗಂಭೀರ ಮುಖದ ಹೆಂಗಸು ಎಂದರೆ ಇನ್ನೇನು ತಿಳಿಯಬೇಕು ಪಾಪ! ತಲೆಗೆ ಹೂವೂ ಮುಡಿಸಿದ್ದಳು. ಅಜ್ಜಿ ಅವಳ ಮಗಳಿಗೆ ಗಂಡು ಮಗುವಾಗಲೆಂದು ಹರಸಿ ಕಳಿಸಿದಳು.

"ಅಜ್ಜಿ, ನೀನು ದೇವರಲ್ಲ ಅಂತ ಹೇಳೋದಲ್ಲವೇನು?"

"ಆಕೆ ಕೇಳಿದ್ದು ಮಗಳ ಬಾಣಂತನದ ಸುದ್ದಿ. ದೇವರೇನು ಅಂತ ಕೇಳಲಿಲ್ಲ. ಕೇಳದಿದ್ದಕ್ಕೆ ಯಾಕೆ ಉತ್ತರ ಕೊಡ್ಲಿ?"

ಇದು ನನ್ನ ವಿದ್ಯಾಭ್ಯಾಸದ ಮೊದಲ ಪಾಠ. ಶಾಲೆಯಲ್ಲಿ ಇಷ್ಟು ಒಳ್ಳೆಯ ಪಾಠ ಯಾವ ಮಾಸ್ತರೂ ಹೇಳಿರಲಿಲ್ಲ.

ಇನ್ನು ಆ ಸಂಜೆ. ಮಾಘದ ಹುಣ್ಣಿಮೆ ಹತ್ತಿರ ಬಂದಿತ್ತು. ಅಜ್ಜಿಯನ್ನು ಮರಳಿನಿಂದ ಬಿಡಿಸಿ ಒಣಗಲು ಕೂರಿಸಿದ್ದೆ. ಇದ್ದಕ್ಕಿದ್ದಂತೆ ಅವಳು ನನ್ನ ಜಡೆ ಹಿಡಿದೆಳೆದಳು. ಬೆಳಿಗ್ಗೆ ನಮ್ಮ ಕಾಲ ಬುಡದಲ್ಲಿದ್ದ ನೀರು ಈಗ ದೂರ, ಬಹಳ ದೂರ ಹೋಗಿತ್ತು. ದೋಣಿಗಳು ಕೆಸರಿನಲ್ಲಿ ಓರೆಯಾಗಿ ಮಲಗಿದ್ದವು. ಅದು ಇಳಿತ ಎಂದು ನಮಗೆ ಯಾರೂ ಹೇಳಿರಲಿಲ್ಲ.

"ಯಾವನೋ ತೂಬು ಎತ್ಯಾನೆ!" ಅಜ್ಜಿ ಎದ್ದಳು. "ನೋಡೇ, ಅಷ್ಟೂ ನೀರು ಪೋಲು! ಎಲ್ಲೈದಾನೆ ನೀರುಗಂಟಿ? ಕುಡಿದು ಬಿದ್ದಿರ್ತಾನೆ! ಏಯ್ ನೀರುಗಂಟಿ!"

ನಮ್ಮೂರಲ್ಲಿ ತೂಬು ಎತ್ತಿ ಇಳಿಸಿ ಕೆರೆ ನೋಡಿಕೊಳ್ಳುವವನೇ ನೀರುಗಂಟಿ. ಅವನು ಒಂದು ರಾತ್ರಿ ಮೈಮರೆತರೆ ಊರೇ ಬಂದು ಬಾಗಿಲು ಬಡಿಯುತ್ತಿತ್ತು. ಅಜ್ಜಿ ಸಮುದ್ರದ ನೀರುಗಂಟಿಯನ್ನು ಹುಡುಕುತ್ತ ಸೀರೆ ಎತ್ತಿ ಕಟ್ಟಿ ಓಡಿದಳು. ನಡೆಯಲಿಲ್ಲ, ಓಡಿದಳು. ದೋಣಿಗಳನ್ನು ದಾಟಿದಳು, ಬಲೆ ಒಣಗಿಸುತ್ತಿದ್ದವರನ್ನು ದಾಟಿದಳು, ಬಂಡೆಗಳವರೆಗೂ ಹೋಗಿ ಒಂದರ ಮೇಲೆ ಹತ್ತಿ ನಿಂತು ಬೈದಳು. ನಾನು ಏದುಸಿರು ಬಿಡುತ್ತ ಹೋಗಿ ಮುಟ್ಟಿದೆ.

"ಅಜ್ಜಿ... ನಿನ್ನ ಮಂಡಿ?"

ಅಜ್ಜಿ ಕೆಳಗೆ ನೋಡಿಕೊಂಡಳು. ಒಂದು ಮಂಡಿ ಬಗ್ಗಿಸಿದಳು, ಬಗ್ಗಿತು. ಇನ್ನೊಂದು ಬಗ್ಗಿಸಿದಳು, ಅದೂ ಬಗ್ಗಿತು. ಅವಳ ಮುಖದಲ್ಲಿ ಸಂತೋಷ ಬಂದ ಹಾಗೆಯೇ ಇಳಿದುಹೋಯಿತು. ಮಂಡಿ ವಾಸಿಯಾದರೆ ಊರಿಗೆ ಹೊರಡಬೇಕು. ಇಬ್ಬರಿಗೂ ಅದು ಒಂದೇ ಗಳಿಗೆಯಲ್ಲಿ ಹೊಳೆಯಿತು. ಅಜ್ಜಿ ಬಂಡೆಯ ಮೇಲೆ ನಿಧಾನವಾಗಿ ಕುಳಿತಳು.

"ಅಯ್ಯೋ, ನೋವು ಕಣೆ."

"ಬಹಳ ನೋವೇನಜ್ಜಿ?"

"ಬಹಳ. ಬ್ಯಾಸಿಗೆ ತನಕ ಹೋಗಲ್ಲ ಅನ್ಸತೈತೆ. ಹಿಡಕ, ನನ್ನ ನಡೆಸ್ಕೊಂಡು ಹೋಗು."

ಊರಿಗೆ ಸುದ್ದಿ ಮುಟ್ಟಿಸುತ್ತಿದ್ದವನು ಗಾಡಿ ಬಸಣ್ಣ. ಮೆಣಸಿನಕಾಯಿ ಹೇರಿಕೊಂಡು ಘಟ್ಟ ಇಳಿದು ಬಂದವನು ಹಿಂದಕ್ಕೆ ಹೋಗುವಾಗ ತೆಂಗಿನಕಾಯಿಯ ಜೊತೆ ನಮ್ಮ ಕ್ಷೇಮವನ್ನೂ ಹೇರಿಕೊಂಡು ಹೋಗುತ್ತಿದ್ದ. ಅವನು ಬಂದಾಗ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಮಾತೆಲ್ಲ ನನ್ನದು. ಮೊದಲ ಸಲ, ಅಜ್ಜಿ ಕೋಲಿಲ್ಲದೆ ಏಳುವುದಿಲ್ಲ ಎಂದೆ. ಬಸಣ್ಣ ಲೊಚಗುಟ್ಟಿದ. ಲೊಚಗುಟ್ಟುವ ಸದ್ದು ನನಗೆ ಬೆಲ್ಲದಂತೆ ರುಚಿಸಿತು. ಮುಂದಿನ ಸಲ, ಕೋಲಿದ್ದರೂ ಏಳುವುದಿಲ್ಲ ಎಂದೆ.

ಬೇಸಿಗೆ ಬಂತು. ಬೇಸಿಗೆಯೆಂದರೆ ನಮ್ಮೂರಲ್ಲಿ ಬೆಂಕಿ, ಇಲ್ಲಿ ಹಣ್ಣು. ಗೋಡಂಬಿಯ ಹಣ್ಣು ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತಿತ್ತು. ಮಾವು ಮನೆಯ ಮಾಡಿನ ಮೇಲೆ ದಬದಬ ಬೀಳುತ್ತಿತ್ತು. ಸಂಜೆಯ ಗಾಳಿಗೆ ದಂಡೆಯಲ್ಲಿ ಮಲಗಿದರೆ ಸಮುದ್ರವೇ ಬಂದು ಕಾಲೊತ್ತುತ್ತಿತ್ತು. ಆದರೆ ಚಿಕ್ಕಜ್ಜಿ ಕುರುಡಿಯಲ್ಲ. ಅಕ್ಕ ಕುಂಟುವ ಕಾಲು ದಿನಕ್ಕೊಂದು ಎಂಬುದು ಅವಳ ಕಣ್ಣಿಗೆ ಯಾವತ್ತೋ ಬಿದ್ದಿತ್ತು. ಬಾಯಿ ಬಿಟ್ಟು ಕೇಳಲಿಲ್ಲ. ಹಲಸಿನ ಹಣ್ಣು ಕೊಯ್ದ ದಿನ ಎಲ್ಲರ ಎಲೆಗೂ ಬಂಗಾರದಂಥ ತೊಳೆ ಬಡಿಸಿ, ಅಜ್ಜಿಯ ಎಲೆಗೆ ಗಂಜಿ ಸುರಿದಳು.

"ನನಗೆಲ್ಲಿ ಹಣ್ಣು?"

"ಹಲಸು ವಾಯು ಅಕ್ಕಾ. ಮಂಡಿ ನೋವು ಇರೋರಿಗೆ ವಿಷ."

"ಒಂದು ತೊಳೆಗೆ ಏನಾಗ್ತೈತೆ?"

"ಯಾವ ಕಾಲು ಅಕ್ಕಾ ಇವತ್ತು? ಎಡದ್ದೋ, ಬಲದ್ದೋ? ಎಡದ್ದಾದ್ರೆ ಒಂದು ತೊಳೆ ಕೊಡಬೌದು."

ಅಜ್ಜಿ ಯೋಚನೆಗೆ ಬಿದ್ದಳು. ನಿನ್ನೆ ಯಾವ ಕಾಲು ಎಂಬುದು ಅವಳಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಗಂಜಿ ಕುಡಿದು ಎದ್ದಳು. ಮಧ್ಯಾಹ್ನ ಚಿಕ್ಕಜ್ಜಿ ಮಲಗಿದಾಗ ಹಿತ್ತಿಲ ಬಾವಿಯ ಹಿಂದೆ ನಾವಿಬ್ಬರೂ ಇನ್ನೊಂದು ಹಲಸನ್ನು ಮುಗಿಸಿದೆವು. ಅಂಟು ಹತ್ತಿ ಅಜ್ಜಿಯ ಎರಡೂ ಕೈ ಒಂದಕ್ಕೊಂದು ಕೂಡಿಹೋಗಿ, ಸಂಜೆ ಬಂದವರಿಗೆಲ್ಲ ಅವಳು ನಮಸ್ಕಾರದ ಭಂಗಿಯಲ್ಲೇ ಕಂಡಳು. ಎಂಥ ಭಕ್ತಿ ಎಂದು ಬೀದಿಯವರು ಹೊಗಳಿದರು.

ಮಿಥುನ ಮಾಸದ ಮೋಡ ಕಟ್ಟಿದಾಗ ಬಸಣ್ಣ ಕೊನೆಯ ಸಲ ಬಂದ. ಮಳೆ ಹಿಡಿದರೆ ಘಟ್ಟದಲ್ಲಿ ಗಾಡಿ ಓಡುವುದಿಲ್ಲ, ಶ್ರಾವಣದವರೆಗೆ ಸುದ್ದಿಯಿಲ್ಲ. ಅಂದರೆ ಈ ಸಲದ ಸುಳ್ಳು ಇಡೀ ಮಳೆಗಾಲಕ್ಕೆ ಸಾಲಬೇಕು. ಮಾವಿನಕಾಯಿಯ ಉಪ್ಪಿನಕಾಯಿಗೆ ಉಪ್ಪು ಹೆಚ್ಚು ಹಾಕುವಂತೆ ನಾನೂ ಧಾರಾಳವಾಗಿ ಹಾಕಿದೆ. ಅಜ್ಜಿ ಮಗ್ಗುಲು ಬದಲಿಸಲೂ ನಾನೇ ಬೇಕು ಎಂದೆ. ನಿದ್ದೆಯಲ್ಲಿ ಮಗನ ಹೆಸರು ಹಿಡಿದು ಕೂಗುತ್ತಾಳೆ ಎಂದೆ. ಇಲ್ಲಿಂದ ಎತ್ತಿದರೆ ಘಟ್ಟದಲ್ಲೇ ಹೋಗಿಬಿಡುತ್ತಾಳೆ, ಇಲ್ಲಿದ್ದರೆ ಉಳಿದಾಳು ಎಂದು ಇಲ್ಲದ ಒಬ್ಬ ಊರ ಪಂಡಿತರ ಬಾಯಲ್ಲಿ ನಾನೇ ಹೇಳಿಸಿದೆ. ಬಸಣ್ಣನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಅಷ್ಟು ಚೆನ್ನಾಗಿ ಹೇಳಿದ್ದೆ. ಅವನ ಗಾಡಿ ಮರೆಯಾದ ಮೇಲೆ ಅಜ್ಜಿ ಒಂದು ಕಣ್ಣು ತೆರೆದಳು.

"ನಿದ್ದೆಗಣ್ಣಾಗೆ ಮಗನ ಹೆಸರು ಕೂಗೋದು ಒಂಚೂರು ಜಾಸ್ತಿ ಆತು ಕಣೆ."

ಮಳೆ ಹಿಡಿಯಿತು. ಅದು ನಮ್ಮೂರಿನ ಮಳೆಯ ಹಾಗೆ ಬಂದು ನಮಸ್ಕಾರ ಹೇಳಿ ಹೋಗುವ ಮಳೆಯಲ್ಲ. ಬಂದು ಗಂಟು ಬಿಚ್ಚಿ ಉಳಿದುಬಿಡುವ ನೆಂಟ. ಸಮುದ್ರ ಕಪ್ಪಗಾಗಿ ಹಗಲೂ ಇರುಳೂ ಗುಡುಗಿತು. ದೋಣಿಗಳು ಸೋಗೆ ಹೊದ್ದು ಮಲಗಿದವು. ನಾವು ಒಲೆಯ ಮುಂದೆ ಹಲಸಿನ ಹಪ್ಪಳ ಸುಟ್ಟು, ಕುಚ್ಚಲಕ್ಕಿ ಗಂಜಿಗೆ ನಂಚಿಕೊಂಡು ತಿಂದೆವು. ಹೀಗೇ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಚಿಕ್ಕಜ್ಜಿ ಅಡುಗೆಗೆ ಎದ್ದರೆ ಮನೆಯಲ್ಲಿ ಒಂದು ಪಾತ್ರೆಯಿಲ್ಲ. ಹಂಡೆ, ಕೊಡ, ಚೊಂಬು, ಒಗ್ಗರಣೆ ಸೌಟು, ಚಿಕ್ಕಜ್ಜ ಎಲೆಯಡಿಕೆ ಉಗಿಯುವ ಪೀಕದಾನಿ ಸಹ ಸೂರಿನ ನೀರಿನ ಕೆಳಗೆ ಸಾಲಾಗಿ ಕುಳಿತಿದ್ದವು. ನಡುವೆ ಅಜ್ಜಿ, ತಲೆಯ ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬು.

"ಅಕ್ಕಾ! ಬಾವಿ ತುಂಬಿ ಹೊರಗೆ ಹರೀತೈತೆ! ಈ ನೀರು ಯಾವಳಿಗೆ ಬೇಕು?"

"ಕಣ್ಣೆದುರಿಗೆ ಹೋಗ್ತೈತಲ್ಲೇ ಪಾರಿ! ಹೆಂಗೆ ಸುಮ್ನೆ ನೋಡ್ಲಿ?"

"ಅನ್ನಕ್ಕೆ ಇಡಾಕೆ ಪಾತ್ರೆ ಕೊಡು!"

"ತಡಿ, ಇದೊಂದು ತುಂಬ್ಲಿ."

ಆ ದಿನ ನಾವು ಅನ್ನ ಉಂಡದ್ದು ಹೊತ್ತು ಇಳಿದ ಮೇಲೆ. ಅಕ್ಕ ತಂಗಿ ಎರಡು ದಿನ ಮಾತು ಬಿಟ್ಟರು. ಆ ಎರಡು ದಿನವೂ ಅಜ್ಜಿ ಜಗಲಿಯಲ್ಲಿ ಕುಳಿತು, ಸೂರಿನ ನೀರಿಗೆ ಅಂಗೈ ಒಡ್ಡಿ, ಅದು ತುಂಬಿ ಚೆಲ್ಲುವುದನ್ನು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಕೇಳಿದೆ.

"ಊರಿಗೆ ಹೋಗಾಕೆ ನಿನಗೆ ಯಾಕಜ್ಜಿ ಮನಸ್ಸಿಲ್ಲ? ಅಪ್ಪ ನೆನಪಾಗಲ್ಲೇನು?"

"ಆಗ್ತಾನೆ. ದಿನಾ ಆಗ್ತಾನೆ." ಅಂಗೈಯ ನೀರನ್ನು ಚೆಲ್ಲಿ ಮತ್ತೆ ಒಡ್ಡಿದಳು. "ಅತ್ತೆ ಸತ್ತ ದಿನದಿಂದ ಆ ಹರವಿ ಪಕ್ಕ ಕುಂತೀನಿ. ಬಂದೋರಿಗೆ ಸಾಕು, ಮಕ್ಕಳಿಗೆ ಸಾಕು, ದನಕ್ಕೆ ಸಾಕು. ನಿಮ್ಮಪ್ಪ ಕೂಸಿದ್ದಾಗ ನೀರಾಗೆ ಕೈ ಬಡಿದು ಆಡಾಕೆ ಬಂದ್ರೆ, ಕೈ ಮ್ಯಾಲೆ ಹೊಡೀತಿದ್ದೆ. ಸಾಕು ಅನ್ನಾಕೇ ನಾನು ಹುಟ್ಟಿದ್ದು ಅನ್ನಂಗಾಗಿತ್ತು. ಇಲ್ಲಿ ಬಂದ ಮ್ಯಾಲೆ ಒಬ್ಬರಿಗೂ ಸಾಕು ಅಂದಿಲ್ಲ, ನೋಡು. ಇನ್ನೊಂದು ಒಪ್ಪತ್ತು ಹಿಂಗೇ ಇರ್ತೀನಿ ಕಣೆ. ನೀನು ಬಾಯಿ ಗಟ್ಟಿ ಇಟ್ಕೋ."

ನಾನು ಆಣೆ ಮಾಡಿದೆ. ಲೋಕದಲ್ಲಿ ಯಾರ ಮಂಡಿ ವಾಸಿಯಾದರೂ ನಮ್ಮಜ್ಜಿಯ ಮಂಡಿ ವಾಸಿಯಾಗಲು ಬಿಡುವುದಿಲ್ಲ ಎಂದು.

ಶ್ರಾವಣದ ನೂಲಹುಣ್ಣಿಮೆಯ ದಿನ ಮೋಡ ಹರಿದು ಬಿಸಿಲು ಬಿತ್ತು. ಆ ಕಡೆಯಲ್ಲಿ ಅವತ್ತು ಸಮುದ್ರಕ್ಕೆ ಪೂಜೆ. ಮುನಿದ ಸಮುದ್ರ ಶಾಂತವಾಗಲಿ ಎಂದು ಹಾಲೆರೆದು ತೆಂಗಿನಕಾಯಿ ಎಸೆಯುತ್ತಾರೆ, ಆಮೇಲೆ ದೋಣಿ ಇಳಿಸುತ್ತಾರೆ. ಎಸೆದ ಕಾಯಿ ಅಲೆಯ ಜೊತೆ ತಿರುಗಿ ಬರುತ್ತದೆ, ಅದನ್ನು ಹಿಡಿದವರಿಗೆ ಆ ವರ್ಷವೆಲ್ಲ ಒಳ್ಳೆಯದು. ಇಡೀ ದಂಡೆ ಹಳದಿ ಕೆಂಪು ಸೀರೆಗಳಿಂದ ತುಂಬಿತ್ತು. ದೇವಮ್ಮ ಮೊದಲ ಕಾಯಿ ಎಸೆದಳು. ಹುಡುಗರು ಹೋ ಎಂದು ನೀರಿಗೆ ಬಿದ್ದರು. ಅಜ್ಜಿ ನನ್ನ ಭುಜದ ಮೇಲೆ ಭಾರ ಹಾಕಿ, ಆ ದಿನದ ಪಾಳಿಯ ಬಲಗಾಲನ್ನು ಎಳೆಯುತ್ತ ಬಂದಿದ್ದಳು. ಒಂದು ಕಾಯಿ ಹುಡುಗರ ಕೈ ತಪ್ಪಿ, ಉರುಳಿ, ನೇರವಾಗಿ ನಮ್ಮ ಕಡೆಗೆ ಬಂತು. ಬಂದು ಇನ್ನೇನು ಸಿಕ್ಕಿತು ಎನ್ನುವಾಗ ಹಿಂದಕ್ಕೆ ಸರಿಯಿತು.

"ಹೋಗ್ತೈತೆ ಕಣೆ! ಹಿಡಿ, ಹಿಡಿ!"

ನಾನು ಹಿಡಿಯುವುದರೊಳಗೆ ಭುಜ ಹಗುರವಾಯಿತು. ಅಜ್ಜಿ ಕಚ್ಚೆ ಹಾಕಿ ನೀರಿನಲ್ಲಿದ್ದಳು. ಒಂದು ಅಲೆ ಹಾರಿದಳು, ಇನ್ನೊಂದು ಅಲೆಯ ಕೆಳಗೆ ಮುಳುಗಿ ಎದ್ದಳು, ಮೀಸೆ ಚಿಗುರುತ್ತಿದ್ದ ಇಬ್ಬರು ಗಂಡುಹುಡುಗರನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಕಾಯಿಯನ್ನು ಅಪ್ಪಿ ಹಿಡಿದಳು. ದಂಡೆಯೇ ಕೂಗಿತು. ಅಜ್ಜಿ ಕಾಯಿಯನ್ನು ತಲೆಯ ಮೇಲೆ ಎತ್ತಿ, ಒದ್ದೆ ಕೂದಲು ಹರಡಿಕೊಂಡು, ಮೊಣಕಾಲು ಎತ್ತೆತ್ತಿ ಕುಣಿಯುತ್ತ ಹೊರಗೆ ಬಂದಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಅವ್ವಾ."

ಜನರ ನಡುವೆ ನಮ್ಮಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿಯ ಗಂಟು. ಹಿಂದೆ ಡೋಲಿ ಹೊರುವ ಇಬ್ಬರು ಆಳುಗಳು, ಕೆಲಸ ಹೋಯಿತೆಂಬ ಮುಖ ಮಾಡಿ ನಿಂತಿದ್ದರು. ಅಜ್ಜಿ ನಿಂತಲ್ಲೇ ಕುಂಟಲು ನೋಡಿದಳು, ಎಡಗಾಲು. ನೆನಪಾಗಿ ಬಲಗಾಲಿಗೆ ಬದಲಿಸಿದಳು. ನನ್ನ ಬಾಯಿಗೆ ಒಂದೇ ಸಲ ಏಳೆಂಟು ಸುಳ್ಳು ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು.

ಅಪ್ಪ ಬೈಯಲಿಲ್ಲ. ಒದ್ದೆ ಮರಳಿನ ಮೇಲೆ ಉದ್ದಕ್ಕೆ ಬಿದ್ದು ಅಜ್ಜಿಯ ಎರಡೂ ಕಾಲು ಹಿಡಿದುಕೊಂಡ.

"ನಡದೆಯಲ್ಲವ್ವಾ! ನನ್ನ ಹರಕೆ ಮುಟ್ತು! ಬಸಣ್ಣ ಬಂದು ಹೇಳಿದಾಗ ಎದೆ ಒಡದಂಗಾತು. ನನ್ನ ಹೆಸರು ಹಿಡಿದು ಕೂಗ್ತೀಯಂತೆ. ಮಳೆ, ಬಿತ್ತನೆ, ಬರಾಕೆ ದಾರಿ ಇಲ್ಲ. ಅವತ್ತೇ ದೇವರ ಮುಂದೆ ನಿಂತು ಅಂದೆ, ನಮ್ಮವ್ವ ಎದ್ದು ನಡೆಯೋ ತನಕ ಕಾಲಿಗೆ ಮೆಟ್ಟು ಹಾಕಲ್ಲಪ್ಪಾ ಅಂತ."

ನಮ್ಮಪ್ಪ ಕಿರ್ರೆನ್ನುವ ಚಪ್ಪಲಿಯಿಲ್ಲದೆ ಅಂಗಳಕ್ಕೂ ಇಳಿಯದ ಮನುಷ್ಯ. ಅವನ ಪಾದ ನೋಡಿದೆ. ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಜಾಲಿ ಮುಳ್ಳು ಚುಚ್ಚಿ ಕೀವಾದಲ್ಲಿ ಅರಿಸಿನದ ಬಟ್ಟೆ ಸುತ್ತಿತ್ತು. ಆ ಕಾಲಲ್ಲಿ ಅವನು ಇಡೀ ಮುಂಗಾರು ಉತ್ತಿದ್ದ, ಬಿತ್ತಿದ್ದ, ಘಟ್ಟ ಇಳಿದಿದ್ದ. ಚಿಕ್ಕಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಜ್ಜಿ ಅವಳನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿತು.

"ಹರಕೆ ತೀರ್ಸಾಕೆ ಊರಿಗೆ ಹೋಗಬೇಕವ್ವಾ," ಎಂದ ಅಪ್ಪ, ಮುಖ ಅರಳಿಸಿ. "ಎಂದು ಹೊರಡಾಣ?"

"ನಾಳೆ," ಎಂದಳು ಅಜ್ಜಿ. ಕಾಯಿಯನ್ನು ನನ್ನ ಕೈಗೆ ತುರುಕಿದಳು. ದನಿ ಹರವಿಯ ಪಕ್ಕದ ಮಣೆಗೆ ಆಗಲೇ ವಾಪಸು ಹೋಗಿತ್ತು. "ಚೆನ್ನಿ, ಬಾಯಿ ಬಿಟ್ಕೊಂಡು ನಿಂತೀಯಲ್ಲ. ಪ್ಯಾಟೆಗೆ ಓಡು. ಚಪ್ಪಲಿ ಅಂಗಡಿಯೋರು ಕದ ಹಾಕೋದ್ರೊಳಗೆ ನಿಮ್ಮಪ್ಪನ ಕಾಲಿಗೆ ಒಂದು ಜೋಡು ಮೆಟ್ಟು ತಗಂಡು ಬಾ."

"ದೇವರ ಮುಂದೆ ತೀರ್ಸೋ ತನಕ ಹಾಕಬಾರದವ್ವಾ..."

"ನಡದೆನಲ್ಲೋ! ತೀರ್ತು!" ಎಂದವಳು ಅಲ್ಲೇ ಮರಳಿನ ಮೇಲೆ ಕುಳಿತು, ಮಗನ ಪಾದವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಮೆತ್ತಗಿರೋದು ನೋಡಿ ತಾ."